ದಾರವಿಲ್ಲದ್ದು ಸಮುದ್ರದ್ದು

ಡಾಲ್ಫಿನ್‌ಗಳಿಗೆ ಟಾಟಾ ಮಾಡುವುದು ತಪ್ಪೇನಲ್ಲ. ಕೈಯಲ್ಲಿ ಏನಿದೆ ಅಂತ ನೋಡಿಕೊಂಡು ಮಾಡಬೇಕು, ಅಷ್ಟೆ. ಗುಮಾಸ್ತ ನೋಡಿಕೊಳ್ಳಲಿಲ್ಲ.

ಬೆಳಗಿನ ಹೊತ್ತು. ಎತ್ತ ಕತ್ತು ತಿರುಗಿಸಿದರೂ ನೀರು, ನೀರಿನ ನಡುವೆ ಒಂದು ಹಾಯಿದೋಣಿ, ದೋಣಿಯಲ್ಲಿ ನಾಲ್ಕೇ ಜನ. ಅಡುಗೆಯ ಹೊಣೆ ಹೊತ್ತ ಗುಮಾಸ್ತ ಮೇಲ್ಗಡೆ ಕಾಲು ಚಾಚಿ ಕೂತು, ತಿಂಡಿಗೆಂದು ಒಂದು ಡಬ್ಬಿ ಬೀನ್ಸನ್ನು ಆಗಷ್ಟೇ ತೆರೆದಿದ್ದ. ಅಷ್ಟರಲ್ಲಿ ಪಕ್ಕದ ನೀರು ಸೀಳಿಕೊಂಡು ಒಂದಲ್ಲ ಎರಡಲ್ಲ, ಇಡೀ ಒಂದು ಹಿಂಡು ಡಾಲ್ಫಿನ್ ಮೇಲಕ್ಕೆ ಹಾರಿತು. ಅವುಗಳ ಬೆನ್ನ ಮೇಲೆ ಬಿಸಿಲು ಬಿದ್ದು ಫಳಫಳ ಅಂದಿತು. ಗುಮಾಸ್ತನಿಗೆ ಮೈಯೆಲ್ಲ ಜುಮ್ಮೆಂದಿತು. "ಬನ್ರೋ! ಬನ್ರೋ ನನ್ನಪ್ಪಗಳಿರಾ!" ಎಂದು ಕೂಗಿ ಎದ್ದು ನಿಂತು ಬಲಗೈ ಎತ್ತಿ ಜೋರಾಗಿ ಬೀಸಿದ.

ಬೀಸುವಾಗ ಕೈಯಲ್ಲಿ ಓಪನರ್ ಇತ್ತು. ಇಳಿಸುವಾಗ ಇರಲಿಲ್ಲ. ನಡುವೆ ಎಲ್ಲೋ 'ಪುಳಕ್' ಅಂತ ಒಂದು ಸಣ್ಣ ಸದ್ದಾಯಿತು.

ದೋಣಿಯಲ್ಲಿ ಇದ್ದದ್ದು ಅದೊಂದೇ ಓಪನರ್. ಮುಂದೆ ತಿನ್ನಬೇಕಾದದ್ದೆಲ್ಲ ಇದ್ದದ್ದು ಡಬ್ಬಿಗಳಲ್ಲಿ. ಇನ್ನು ಉಳಿದಿದ್ದ ಸಮುದ್ರವೋ, ಅರ್ಧಕ್ಕರ್ಧ.

ಗುಮಾಸ್ತ ಕಳ್ಳನ ಹಾಗೆ ಸುತ್ತ ನೋಡಿದ. ಚುಕ್ಕಾಣಿ ಹಿಡಿದಿದ್ದ ಹಲ್ಲಿನ ಡಾಕ್ಟರಮ್ಮ ಹಾಯಿಯನ್ನೇ ನೋಡುತ್ತಿದ್ದರು. ದಾರಿ ಲೆಕ್ಕ ಹಾಕುವ ಭೂಗೋಳದ ಮೇಷ್ಟ್ರು ಒಂದು ಕಣ್ಣು ಮುಚ್ಚಿ ಸೂರ್ಯನನ್ನು ಅಳೆಯುತ್ತಿದ್ದರು. ಕ್ಯಾಪ್ಟನ್ ರಾತ್ರಿಯ ಪಾಳಿ ಮುಗಿಸಿ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ನೋಡಿದ್ದು ಡಾಲ್ಫಿನ್‌ಗಳು ಮಾತ್ರ. ಅವು ಯಾರಿಗೂ ಹೇಳುವ ಪೈಕಿ ಅಲ್ಲ.

ಈ ಕ್ಯಾಪ್ಟನ್ ಬೇರೆ ಯಾರೂ ಅಲ್ಲ, ಗುಮಾಸ್ತನ ಹೆಂಡತಿಯ ಸ್ವಂತ ಅಣ್ಣ. ಜೀವಮಾನವೆಲ್ಲ ನದಿ ದಾಟಿಸುವ ದೋಣಿ ನಡೆಸಿ, ನಿವೃತ್ತಿಯಾದ ಮೇಲೆ ಸಮುದ್ರವನ್ನೇ ದಾಟಿಬಿಡುತ್ತೇನೆಂದು ಹೊರಟ ಮನುಷ್ಯ. ಅವರ ದೋಣಿಗೆ ಒಂದೇ ಕಾನೂನು: "ದಾರ ಇಲ್ಲದ್ದು ಸಮುದ್ರದ್ದು." ಚಮಚಕ್ಕೆ ದಾರ, ಕನ್ನಡಕಕ್ಕೆ ದಾರ, ಟಾರ್ಚಿಗೆ ದಾರ, ಮೇಷ್ಟ್ರ ಪೆನ್ಸಿಲ್ಲಿಗೂ ದಾರ. ಒಂದು ತುದಿ ವಸ್ತುವಿಗೆ, ಇನ್ನೊಂದು ತುದಿ ಮಣಿಕಟ್ಟಿಗೆ. ಓಪನರಿಗೂ ಇತ್ತು ಪಾಪ. ನಿನ್ನೆ ಗುಮಾಸ್ತ ಅದನ್ನು ಬಿಚ್ಚಿ ತನ್ನ ಒಳಚಡ್ಡಿ ಒಣಹಾಕಿದ್ದ. ಚಡ್ಡಿ ಈಗಲೂ ಭದ್ರವಾಗಿ ಅಲ್ಲೇ ಹಾರಾಡುತ್ತಿತ್ತು.

ಗುಮಾಸ್ತನ ಕೆಲಸ ಯಾವುದು ಅಂತ ಹೇಳಿದರೆ ನೀವು ನಗಬಾರದು. ರೈಲ್ವೆ ಸ್ಟೇಷನ್ನಿನಲ್ಲಿ 'ಕಳೆದುಹೋದ ಸಾಮಾನುಗಳ ವಿಭಾಗ' ಅಂತ ಒಂದು ಕೋಣೆ ಇರುತ್ತದಲ್ಲ, ಅದರ ಗುಮಾಸ್ತ ಇವನೇ. ಊರವರ ಕೊಡೆ, ಚೀಲ, ಊರುಗೋಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೆ. ತನ್ನ ಕೊಡೆ ಎಲ್ಲಿ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಮದುವೆಯ ಉಂಗುರವನ್ನು ಮದುವೆಯ ವಾರದಲ್ಲೇ ಕಳೆದ. ಕಾಲುಚೀಲಗಳಂತೂ ಅವನ ಮನೆಯಲ್ಲಿ ಜೋಡಿಯಾಗಿ ಬಾಳಿದ್ದೇ ಇಲ್ಲ, ಎಲ್ಲವೂ ಒಂಟಿ. ಮಾವನವರು ನೆಂಟರಿಷ್ಟರ ಮುಂದೆ ಹೇಳುವ ಮಾತು ಒಂದೇ: "ನಮ್ಮ ಅಳಿಯಂದಿರ ಕೈಗೆ ಹರಿಯೋ ಹೊಳೆ ಕೊಟ್ರೂ ಸಂಜೆಯೊಳಗೆ ಕಳ್ಕೊಂಡು ಬರ್ತಾರೆ!"

ಈ ಮಾತನ್ನು ಒಂದೇ ಒಂದು ಸಲ ಸುಳ್ಳು ಮಾಡಬೇಕು ಅಂತಲೇ ಗುಮಾಸ್ತ ದೋಣಿ ಹತ್ತಿದ್ದ. ಅಣ್ಣನ ಕೈಕಾಲು ಹಿಡಿದು ಹತ್ತಿಸಿದವಳು ಹೆಂಡತಿ. ಅವನ ಆಸೆ ದೊಡ್ಡದೇನಲ್ಲ. ಚುಕ್ಕಾಣಿ ಹಿಡಿಯಬೇಕು. ಹೊರಟ ದಿನದಿಂದ ಕ್ಯಾಪ್ಟನ್ ಅದನ್ನು ಮುಟ್ಟಗೊಟ್ಟಿರಲಿಲ್ಲ. "ಭಾವನೋರೆ, ಅರ್ಧ ದಾರಿ ತನಕ ಅಡುಗೆಮನೇಲಿ ಒಂದು ಚಮಚಾನೂ ಕಳೀದೆ ಇರಿ. ಅರ್ಧ ದಾರಿ ಔತಣದ ದಿನ ಚುಕ್ಕಾಣಿ ನಿಮ್ಮ ಕೈಗೆ. ಅವತ್ತೇ ಮನೆಗೆ ಫೋನ್ ಮಾಡ್ತೀನಿ, ಅಪ್ಪನಿಗೆ ನಾನೇ ಹೇಳ್ತೀನಿ" ಎಂದು ಮಾತು ಕೊಟ್ಟಿದ್ದರು.

ಆ ಅರ್ಧ ದಾರಿಯ ದಿನ ಇವತ್ತೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

"ಏನ್ರೀ, ಬೀನ್ಸ್ ಆಯ್ತಾ?" ಡಾಕ್ಟರಮ್ಮ ಕೂಗಿದರು.

"ಆಯ್ತು, ಆಯ್ತು!" ಎಂದು ಗುಮಾಸ್ತ ತಟ್ಟೆಗಳಿಗೆ ಸುರಿದ. ತನ್ನ ತಟ್ಟೆಯಲ್ಲಿ ಮಾತ್ರ ಒಂದು ಕಾಳನ್ನೂ ಮುಟ್ಟಲಿಲ್ಲ.

ತಿಂಡಿಯ ವಾಸನೆಗೆ ಕ್ಯಾಪ್ಟನ್ ಎದ್ದು ಬಂದರು. ಗಾಳಿಗೆ ಮುಖ ಕೊಟ್ಟು ಮೂಗರಳಿಸಿದರು. ನಾಲ್ಕು ದಿನದಿಂದ ಸತ್ತ ಹಾಗೆ ಮಲಗಿದ್ದ ಗಾಳಿ ಬೆಳಗಿನಿಂದ ಎದ್ದು ಕೂತಿತ್ತು. "ನೋಡಿ, ನೋಡಿ! ಇದು ಗಾಳಿ! ಹೀಗೇ ಬೀಸಿದ್ರೆ ಮಧ್ಯಾಹ್ನಕ್ಕೆ ಅರ್ಧ ದಾಟ್ತೀವಿ!" ಎಂದು ಮಕ್ಕಳ ಹಾಗೆ ಕುಣಿದರು. ಆಮೇಲೆ ತಮ್ಮ ಹಾಸಿಗೆಯ ಕೆಳಗಿನ ಪೆಟ್ಟಿಗೆಯ ಬೀಗ ತೆಗೆದರು. ಅದು ಉಳಿದರ್ಧ ದಾರಿಯ ಉಗ್ರಾಣ, ಹೊರಟಾಗಿಂದ ಮುಚ್ಚಿಯೇ ಇತ್ತು. ಒಳಗಿಂದ ನಾಲ್ಕು ಡಬ್ಬಿ ತೆಗೆದು ಗುಮಾಸ್ತನ ಮಡಿಲಿಗೆ ಹಾಕಿದರು. "ಭಾವನೋರೆ, ಕೋಳಿ, ಬಟಾಣಿ, ಅನಾನಸು, ಸಿಹಿ ಹಾಲು. ಔತಣ ನಿಮ್ಮ ಕೈಲಿ. ಚುಕ್ಕಾಣಿ ಆಮೇಲೆ ನಿಮ್ಮ ಕೈಲಿ!"

ದೋಣಿಯ ಡಬ್ಬಿಗಳನ್ನೆಲ್ಲ ಕಟ್ಟಿಕೊಟ್ಟವಳು ಗುಮಾಸ್ತನ ಹೆಂಡತಿ. ಮೇಲಿನ ಕಾಗದ ನೆನೆದು ಬಿಚ್ಚಿಕೊಂಡರೆ ದೋಣಿಯ ನೀರೆತ್ತುವ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಕಾಗದವನ್ನೆಲ್ಲ ಮೊದಲೇ ಕಿತ್ತು, ಡಬ್ಬಿಯ ಒಂದು ಮುಖದ ಮೇಲೆ ಒಳಗೇನಿದೆ ಅಂತ ಬಣ್ಣದಲ್ಲಿ ಬರೆದಿದ್ದಳು. ಅಲೆಗೆ ಒಂದಕ್ಕೊಂದು ಬಡಿದು ಲಟಪಟ ಅನ್ನಬಾರದೆಂದು ಪ್ರತಿ ಡಬ್ಬಿಗೂ ಒಂದೊಂದು ಕಾಲುಚೀಲ ತೊಡಿಸಿದ್ದಳು. ಅಷ್ಟು ಕಾಲುಚೀಲ ಎಲ್ಲಿಂದ ಬಂತು ಅಂತ ಕೇಳಬೇಡಿ. ಗಂಡನ ಒಂಟಿ ಕಾಲುಚೀಲಗಳಿಗೆಲ್ಲ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಚೀಲದ ಬಾಯಲ್ಲಿ ಬಣ್ಣದ ಅಕ್ಷರ ಕಾಣುತ್ತಿತ್ತು. ಗುಮಾಸ್ತ ಇದುವರೆಗೆ ಚೀಲ ಬಿಚ್ಚುವ ಗೋಜಿಗೆ ಹೋಗದೆ ಅಕ್ಷರ ಇದ್ದ ಕಡೆಯೇ ಓಪನರ್ ಹಾಕಿ ತೆರೆಯುತ್ತಿದ್ದ. ಚೀಲ ಇದ್ದರೆ ಡಬ್ಬಿ ಕೈಯಿಂದ ಜಾರುತ್ತಲೂ ಇರಲಿಲ್ಲ.

ಈಗ ನಾಲ್ಕೂ ಡಬ್ಬಿ ಎದುರಿಗಿಟ್ಟುಕೊಂಡು ಕೂತ. ಚಾಕು ಇರಲಿಲ್ಲವೇ? ಇತ್ತು. ಅಪಾಯದಲ್ಲಿ ಹಗ್ಗ ಕತ್ತರಿಸಲಿಕ್ಕೆಂದು ಕ್ಯಾಪ್ಟನ್ ಸೊಂಟದಲ್ಲಿ ನೇತಾಡುತ್ತಿತ್ತು, ಅವರು ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಸುತ್ತಿಗೆ? ಸುತ್ತಿಗೆ ಎತ್ತಿದರೆ ಆ ಪುಟ್ಟ ದೋಣಿಯಲ್ಲಿ ಏಟು ಎಲ್ಲರ ಕಿವಿಗೂ ಬೀಳುತ್ತದೆ. ಡಬ್ಬಿಯೂ ತೆರೆಯಬೇಕು, ಗುಟ್ಟೂ ತೆರೆಯಬಾರದು.

ಮೊದಲು ಚಮಚ ಹಾಕಿ ಮೀಟಿದ. ಚಮಚ ಬಾಗಿತು. ಆಮೇಲೆ ಎಂದೋ ಯಾರೋ ಹೇಳಿದ್ದು ನೆನಪಾಯಿತು: ಡಬ್ಬಿಯ ಅಂಚನ್ನು ಒರಟು ಕಲ್ಲಿಗೆ ತಿಕ್ಕಿದರೆ ತಾನಾಗಿ ಬಿಡುತ್ತದಂತೆ. ಸಮುದ್ರದ ನಡುವೆ ಕಲ್ಲೆಲ್ಲಿ? ದೋಣಿಯ ಮೂತಿಯಲ್ಲಿ ಲಂಗರು ಇತ್ತಲ್ಲ! ಕೋಳಿ ಡಬ್ಬಿಯನ್ನು ಬಗಲಿಗಿಟ್ಟುಕೊಂಡು, ಸೊಂಟದ ಹಗ್ಗವನ್ನು ಕಂಬಿಗೆ ಸಿಕ್ಕಿಸಿಕೊಂಡು, ನಾಲ್ಕು ಕಾಲಿನಲ್ಲಿ ತೆವಳುತ್ತ ಮುಂದಕ್ಕೆ ಹೋದ. ಉಳಿದವರಿಗೆ ಬೆನ್ನಾಗಿ ಕೂತು ಲಂಗರಿಗೆ ತಿಕ್ಕತೊಡಗಿದ. ದೋಣಿ ಒಂದು ಅಲೆ ಹತ್ತಿ ಧುಮುಕಿತು. ಒಂದು ಬಿಂದಿಗೆ ಉಪ್ಪುನೀರು ಅವನ ತಲೆಯ ಮೇಲೆ ಬಿತ್ತು.

"ಓಹೋ! ಬಟ್ಟೆ ಒಗೀತಿದ್ದೀರಾ?" ಹಿಂದಿನಿಂದ ಮೇಷ್ಟ್ರ ದನಿ. ಅವರಿಗೆ ಕಂಡದ್ದು ಒದ್ದೆ ಗುಮಾಸ್ತ, ತಿಕ್ಕುತ್ತಿರುವ ಕಾಲುಚೀಲ, ಎರಡೇ.

"ಹೂಂ ಮೇಷ್ಟ್ರೆ... ಇವತ್ತು ಔತಣ ಅಲ್ವಾ... ಸ್ವಲ್ಪ ಶುಚಿಯಾಗಿ ಇರೋಣ ಅಂತ."

"ಒಳ್ಳೆ ಬುದ್ಧಿ ಕಣ್ರೀ! ತಡೀರಿ, ನಂದೂ ಇದೆ." ಕಣ್ಣು ಮಿಟುಕಿಸುವುದರೊಳಗೆ ಮೇಷ್ಟ್ರು ಎರಡು ಅಂಗಿ, ಒಂದು ಪ್ಯಾಂಟು, ಹೆಸರು ಹೇಳಬಾರದ ಇನ್ನೆರಡು ಬಟ್ಟೆ ತಂದು ಅವನ ಮುಂದೆ ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ, ಪಕ್ಕದಲ್ಲೇ ಕೂತು, "ಕಾಲರ್ ಚೆನ್ನಾಗಿ ಉಜ್ಜಿ, ಕಾಲರ್ರು!" ಎಂದು ಪಾಠ ಹೇಳಿಕೊಟ್ಟರು. ಗುಮಾಸ್ತ ಬಾಯಿ ಮುಚ್ಚಿಕೊಂಡು ಅಷ್ಟನ್ನೂ ಒಗೆದ. ಕೋಳಿಯ ಡಬ್ಬಿ ಹಾಗೇ ಉಳಿಯಿತು.

ಗಾಳಿ ಏರಿತು. ಹಾಯಿ ಹೊಟ್ಟೆ ಉಬ್ಬಿಸಿಕೊಂಡಿತು, ದೋಣಿ ಒಂದು ಪಕ್ಕಕ್ಕೆ ವಾಲಿ ನೀರನ್ನು ಕೊಚ್ಚುತ್ತ ಓಡಿತು. "ಹೋಗ್ಲಿ, ಹೋಗ್ಲಿ, ಹೋಗ್ಲಿ!" ಎಂದು ಕ್ಯಾಪ್ಟನ್ ತೊಡೆ ತಟ್ಟುತ್ತಿದ್ದರು. ಬೇರೆ ದಿನವಾಗಿದ್ದರೆ ಗುಮಾಸ್ತನೂ ಅವರ ಜೊತೆ ಕುಣಿಯುತ್ತಿದ್ದ. ಇವತ್ತು ದೋಣಿ ಓಡಿದಷ್ಟೂ ಅರ್ಧ ದಾರಿ ಹತ್ತಿರ ಬರುತ್ತಿತ್ತು, ಔತಣ ಹತ್ತಿರ ಬರುತ್ತಿತ್ತು.

ಆಗ ಅವನ ತಲೆಯಲ್ಲಿ ದೀಪ ಹತ್ತಿತು. ಡಾಕ್ಟರಮ್ಮನ ಪೆಟ್ಟಿಗೆ! ಅದರಲ್ಲಿ ಚೂಪಾದದ್ದು, ಕೊಕ್ಕೆಯಾದದ್ದು, ಕೊರೆಯುವಂಥದ್ದು ಏನೇನೋ ಇದೆ. ಒಂದನ್ನು ಎಗರಿಸಿದರೆ ಸಾಕು.

"ಡಾಕ್ಟರಮ್ಮ," ಎಂದು ಕೆನ್ನೆ ಹಿಡಿದುಕೊಂಡು ನಿಂತ. "ಯಾಕೋ ಹಲ್ಲು ನೋವು."

ಡಾಕ್ಟರಮ್ಮನ ಮುಖ ಅರಳಿದ ಪರಿ ನೋಡಬೇಕಿತ್ತು. "ಹಲ್ಲು ನೋವಾ? ನಿಜವಾಗ್ಲೂ? ಅಯ್ಯೋ, ಹೊರಟಾಗಿಂದ ಒಂದು ಹಲ್ಲು ಮುಟ್ಟಿಲ್ಲ ಕಣ್ರೀ ನಾನು, ಕೈ ಕಡೀತಿದೆ! ಮೇಷ್ಟ್ರೆ, ಚುಕ್ಕಾಣಿ ಹಿಡ್ಕೊಳ್ಳಿ! ಪೇಷಂಟ್ ಬಂದಿದಾರೆ!"

ಕೆಳಗಿನ ಕೋಣೆಯಲ್ಲಿ ಪೆಟ್ಟಿಗೆ ತೆರೆಯಿತು. ಗುಮಾಸ್ತನ ಕಣ್ಣು ಒಂದು ಗಟ್ಟಿ ಕೊಕ್ಕೆಯ ಮೇಲೆ ನೆಟ್ಟಿತು. ಡಾಕ್ಟರಮ್ಮ ಆ ಕಡೆ ತಿರುಗಿದ್ದೇ ತಡ, ಕೈ ಹಾಕಿ ಎಳೆದ. ಕೊಕ್ಕೆ ಬಂತು. ಅದರ ಹಿಂದೆ ದಾರ ಬಂತು. ದಾರದ ಹಿಂದೆ ಇಡೀ ಪೆಟ್ಟಿಗೆ ಬಂತು. ಒಂದೊಂದು ಆಯುಧಕ್ಕೂ ದಾರ! ಆ ಕ್ಯಾಪ್ಟನ್ನಿನ ಕಾನೂನಿಗೆ ಬೆಂಕಿ ಬೀಳಲಿ ಎಂದು ಗುಮಾಸ್ತ ಮನಸ್ಸಿನಲ್ಲೇ ಶಪಿಸಿದ.

"ಅವಸರ ಮಾಡ್ಬೇಡಿ, ಎಲ್ಲಾ ಉಪಯೋಗಿಸ್ತೀನಿ" ಎಂದರು ಡಾಕ್ಟರಮ್ಮ. "ಯಾವ ಹಲ್ಲು?"

ಯಾವುದು ಅಂತ ಹೇಳುವುದು? ಬಾಯಿಗೆ ಬಂದ ಹಾಗೆ ಹಿಂದಿನ ಒಂದನ್ನು ತೋರಿಸಿದ. ಸೂಜಿ ಚುಚ್ಚಿದರು. ಅರ್ಧ ಮುಖ ಮರಗಟ್ಟಿತು. "ಈಗ ಕಮ್ಮಿ ಆಯ್ತು, ಬಿಟ್ಬಿಡಿ" ಎನ್ನಬೇಕೆಂದುಕೊಂಡ, ನಾಲಿಗೆ ಏಳಲಿಲ್ಲ. "ಮೇಲೆ ಏನೂ ಕಾಣಲ್ಲ, ಬೇರಲ್ಲಿ ಇರುತ್ತೆ. ನಡು ಸಮುದ್ರದಲ್ಲಿ ಉಳಿಸ್ಕೊಂಡು ಆಟ ಆಡಬಾರ್ದು" ಎಂದು ಡಾಕ್ಟರಮ್ಮ ಇಕ್ಕಳ ಹಾಕಿದರು. ಅದೇ ಹೊತ್ತಿಗೆ ದೊಡ್ಡದೊಂದು ಅಲೆ ದೋಣಿಯನ್ನು ಎತ್ತಿ ಕುಕ್ಕಿತು. ಡಾಕ್ಟರಮ್ಮ ಒಂದು ಕಡೆ ಹೋದರು, ಗುಮಾಸ್ತ ಇನ್ನೊಂದು ಕಡೆ ಹೋದ. ಹಲ್ಲು ಡಾಕ್ಟರಮ್ಮನ ಜೊತೆ ಹೋಯಿತು.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಎಂಥಾ ಹಲ್ಲು ಕಣ್ರೀ! ಒಂದು ಹುಳುಕಿಲ್ಲ, ಒಂದು ಕಲೆಯಿಲ್ಲ! ಇಷ್ಟು ಒಳ್ಳೆ ಹಲ್ಲನ್ನ ನಾನು ಕಿತ್ತೇ ಇರ್ಲಿಲ್ಲ!" ಎಂದು ಮೆಚ್ಚಿಕೊಂಡು, ಅವನ ಬಾಯಿಗೆ ಹತ್ತಿ ತುರುಕಿದರು. "ಇವತ್ತು ಏನೂ ತಿನ್ನೋ ಹಾಗಿಲ್ಲ. ಬರೀ ನೀರು."

ಆಗಲೇ ಮೇಲಿನಿಂದ ಮೇಷ್ಟ್ರು ಕಿರುಚಿದರು: "ಅರ್ಧ! ಅರ್ಧ ದಾರಿ! ಇಗೋ ಈಗ, ಇಲ್ಲೇ, ಈ ಅಲೆ!"

ಕ್ಯಾಪ್ಟನ್ ಹುಯ್ಯೆಂದು ಕೂಗಿ ಮೇಷ್ಟ್ರನ್ನು ಎತ್ತಿಯೇಬಿಟ್ಟರು. ಡಾಕ್ಟರಮ್ಮ ಇಕ್ಕಳ ಹಿಡಿದುಕೊಂಡೇ ಮೇಲಕ್ಕೆ ಓಡಿದರು. ಗುಮಾಸ್ತ ಹಿಂದೆ ಹೋದ. ಬಾಯಿ ತುಂಬ ಹತ್ತಿ, ಹೊಟ್ಟೆ ತುಂಬ ಹೆದರಿಕೆ.

"ಬನ್ನಿ ಭಾವನೋರೆ, ಬನ್ನಿ! ಹಿಡೀರಿ!" ಕ್ಯಾಪ್ಟನ್ ಅವನ ಎರಡೂ ಕೈ ಹಿಡಿದು ಚುಕ್ಕಾಣಿಯ ಮೇಲಿಟ್ಟರು. "ಫೋನ್ ಸಿಕ್ಕಿಬಿಡ್ಲಿ, ಔತಣ ಆಮೇಲೆ ಉಣ್ಣೋಣ!" ಮಣಿಕಟ್ಟಿಗೆ ಕಟ್ಟಿದ್ದ ಸ್ಯಾಟಲೈಟ್ ಫೋನನ್ನು ಆಕಾಶಕ್ಕೆ ಹಿಡಿದು ಸ್ಪೀಕರ್ ಹಾಕಿದರು.

ಗುಮಾಸ್ತ ಒಂದು ಗಳಿಗೆ ಓಪನರನ್ನು ಮರೆತ. ಚುಕ್ಕಾಣಿ ಜೀವ ಇದ್ದ ಹಾಗೆ ಕೈಯೊಳಗೆ ಮಿಡಿಯಿತು. ಸ್ವಲ್ಪ ಎಳೆದರೆ ಇಷ್ಟು ದೊಡ್ಡ ದೋಣಿ ಅವನ ಮಾತು ಕೇಳಿತು. ಹಾಯಿಯ ತುಂಬ ಗಾಳಿ, ಎರಡೂ ಕಡೆ ನೊರೆ, ಹಿಂದೆ ಅರ್ಧ ಸಮುದ್ರ, ಮುಂದೆ ಅರ್ಧ ಸಮುದ್ರ, ನಡುವೆ ತಾನು. ಅವನಿಗೆ ಸಂತೋಷದಿಂದ ಅಳು ಬಂತು. ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಕೂತು ಧೂಳು ಹೊಡೆಯುವಾಗ ಕಂಡ ಕನಸು ಇದೇ ಆಗಿತ್ತು.

"ಹಲೋ! ಅಣ್ಣಾ!" ಫೋನಿನಲ್ಲಿ ಹೆಂಡತಿಯ ದನಿ. "ಅಪ್ಪ ಇಲ್ಲೇ ಇದಾರೆ. ಪಕ್ಕದ ಮನೆಯೋರೂ ಬಂದಿದಾರೆ. ಇವರು ಹೇಗಿದಾರೆ?"

"ನಿನ್ನ ಗಂಡಾನೇ ಈಗ ದೋಣಿ ನಡೆಸ್ತಿರೋದು!" ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಆ ಕಡೆ ಚಪ್ಪಾಳೆ. ಮಾವನವರ ಕೆಮ್ಮು ಕೂಡ ಕೇಳಿಸಿತು, ಒಪ್ಪಿಕೊಳ್ಳಲಾಗದ ಕೆಮ್ಮು.

ಡಾಕ್ಟರಮ್ಮ ಔತಣ ತರಲು ಕೆಳಗೆ ಹೋಗಿದ್ದರು. ಕಾಲುಚೀಲ ತೊಟ್ಟ ನಾಲ್ಕು ಡಬ್ಬಿಗಳನ್ನು ಎದೆಗವಚಿಕೊಂಡು ಬಂದರು. "ಏನ್ರೀ ಇದು, ಒಂದನ್ನೂ ತೆರೆದೇ ಇಲ್ಲ! ಓಪನರ್ ಎಲ್ಲಿ?"

ಮೂವರೂ ಗುಮಾಸ್ತನ ಕಡೆ ತಿರುಗಿದರು. ಫೋನಿನೊಳಗಿಂದ ಮಾವನವರು ಲವಲವಿಕೆಯಿಂದ ಕೇಳಿದರು, "ಏನು ಕಳೀತು? ಏನು ಕಳೀತು?"

ಗುಮಾಸ್ತ ಬಾಯಿಂದ ಹತ್ತಿ ತೆಗೆದ. ಮರಗಟ್ಟಿದ ನಾಲಿಗೆಯಲ್ಲಿ ಎರಡಕ್ಷರ ಹೊರಡಲಿಲ್ಲ. ಕೊನೆಗೆ ಒಂದು ಕೈಯನ್ನು ಮೀನಿನ ಹಾಗೆ ಹಾರಿಸಿ ತೋರಿಸಿದ, ಇನ್ನೊಂದು ಕೈ ಎತ್ತಿ ಟಾಟಾ ಮಾಡಿ ತೋರಿಸಿದ, ಆಮೇಲೆ ನೀರು ತೋರಿಸಿದ. ಎಲ್ಲರಿಗೂ ಅರ್ಥವಾಯಿತು. ಎರಡೂ ಕೈ ಬಿಟ್ಟದ್ದಕ್ಕೆ ದೋಣಿ ಗಿರ್ರೆಂದು ತಿರುಗಿ, ಹಾಯಿ ಪಟಪಟ ಬಡಿದುಕೊಂಡದ್ದರಿಂದ ಇನ್ನೂ ಚೆನ್ನಾಗಿ ಅರ್ಥವಾಯಿತು.

ಕ್ಯಾಪ್ಟನ್ ಹಾರಿ ಬಂದು ಚುಕ್ಕಾಣಿ ಕಿತ್ತುಕೊಂಡರು. "ಭಾವನೋರೆ! ಅರ್ಧ ಸಮುದ್ರ ಬಾಕಿ ಇದೆ! ಏನು ತಿನ್ನೋಣ, ನಿಮ್ಮ ಕಾಲುಚೀಲಾನಾ?" ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. "ಬಟ್ಟೆ ಒಗೀತಿದ್ದದ್ದಲ್ವಾ ಅದು?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಡಾಕ್ಟರಮ್ಮ ಹಲ್ಲನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ನೋಡಿದರು.

ಫೋನಿನಲ್ಲಿ ನಗು ಕೇಳಿಸಿತು. ಹೆಂಡತಿಯದು. ನಗು ನಿಲ್ಲುವುದೇ ಇಲ್ಲ.

"ಅಣ್ಣಾ, ಬೈಬೇಡ. ಕಾಲುಚೀಲ ಬಿಚ್ಚು, ಡಬ್ಬಿ ಬೋರಲು ಹಾಕಿ ನೋಡು."

ಕ್ಯಾಪ್ಟನ್ ಚೀಲ ಎಳೆದು ಡಬ್ಬಿ ತಿರುಗಿಸಿದರು. ಬಣ್ಣ ಬಳಿದಿದ್ದು ತಳ. ಇನ್ನೊಂದು ಮುಖದಲ್ಲಿ, ಬೆರಳು ಹಾಕಿ ಎಳೆದರೆ ಸಾಕು ಅನ್ನುವಂಥ ಒಂದು ಉಂಗುರ ಮಿನುಗುತ್ತ ಕೂತಿತ್ತು.

"ಇವರ ಕೈಲಿ ಓಪನರ್ ಎಷ್ಟು ದಿನ ಉಳಿಯುತ್ತೆ ಅಂತ ನಂಗೆ ಗೊತ್ತಿಲ್ವಾ?" ಎಂದಳು ಹೆಂಡತಿ. "ಅದಕ್ಕೇ ಎರಡನೇ ಅರ್ಧದ ಡಬ್ಬಿ ಎಲ್ಲಾ ಉಂಗುರದ್ದೇ ತಗೊಂಡೆ. ಅಪ್ಪ, ಒಂದೇ ವಾರಕ್ಕೆ ಕಳೀತಾರೆ ಅಂದ್ರು. ಇಲ್ಲ, ನಮ್ಮೋರು ಅರ್ಧ ದಾರಿ ತನಕ ಉಳಿಸ್ಕೋತಾರೆ ಅಂತ ನಾನು ಪಂತ ಕಟ್ಟಿದ್ದೆ. ಅಪ್ಪ ಸೋತ್ರು! ರೀ, ಕೇಳಿಸ್ತಾ? ನೀವು ಗೆದ್ರಿ!"

ಗುಮಾಸ್ತ ನಾಲಿಗೆಯಿಂದ ಖಾಲಿ ಜಾಗ ತಡವಿಕೊಂಡ. ಹಲ್ಲಿದ್ದ ಜಾಗ.

"ಅಣ್ಣಾ, ಚುಕ್ಕಾಣಿ ಕಿತ್ಕೋಬೇಡ. ಬೀದಿಗೆಲ್ಲಾ ಹೇಳ್ಬಿಟ್ಟಿದ್ದೀನಿ."

ತಂಗಿಯ ಮಾತು ಕ್ಯಾಪ್ಟನ್ ಎಂದೂ ತೆಗೆದುಹಾಕಿದವರಲ್ಲ. ಯೋಚಿಸಿದರು. ಒಂದು ದಾರ ಬೇಕಿತ್ತು. ಕೈಗೆ ಸಿಕ್ಕಿದ್ದು ಫೋನಿನ ದಾರ. ಅದನ್ನು ಬಿಚ್ಚಿ, ಗುಮಾಸ್ತನ ಎರಡೂ ಕೈಗಳನ್ನು ಸೇರಿಸಿ ಚುಕ್ಕಾಣಿಗೆ ಬಿಗಿಯಾಗಿ ಕಟ್ಟಿದರು. "ಈಗ ನಡೆಸಿ ಭಾವನೋರೆ. ದಾರ ಇದ್ದದ್ದು ಎಲ್ಲೂ ಹೋಗಲ್ಲ."

ಟಪ್, ಟಪ್, ಟಪ್ ಎಂದು ಉಂಗುರಗಳು ಎದ್ದವು. ಅನಾನಸಿನ ವಾಸನೆ ಗಾಳಿಗೆ ಹಬ್ಬಿತು. ಮೂವರೂ ಬೆರಳು ನೆಕ್ಕಿಕೊಂಡು ತಿಂದರು. ಗುಮಾಸ್ತನಿಗೆ ಡಾಕ್ಟರಮ್ಮ ಲೋಟದಲ್ಲಿ ನೀರು ಹಿಡಿದರು. ಆದರೂ ದೋಣಿ ಅವನ ಕೈಯಲ್ಲಿ ಓಡುತ್ತಿತ್ತು, ಕ್ಯಾಪ್ಟನ್ ಕೈಯಲ್ಲಿದ್ದ ಫೋನಿನಲ್ಲಿ ಮಾವನವರಿಗೆ ಅದರ ಸದ್ದು ಕೇಳಿಸುತ್ತಿತ್ತು. ಅಷ್ಟು ಸಾಕು ಎಂದುಕೊಂಡ.

"ಆಯ್ತಮ್ಮ, ಒಪ್ಕೊಂಡೆ," ಮಾವನವರು ಆ ಕಡೆಯಿಂದ ಗೊಣಗಿದರು. "ದೋಣಿ ನಡೆಸ್ಲಿ. ಆದ್ರೆ ಆ ಫೋನನ್ನ ಮಾತ್ರ ಅಳಿಯಂದಿರ ಕೈಗೆ ಕೊಡ್ಬೇಡಿ ಅಂತ ಹೇಳು!"

ಅದೇ ಗಳಿಗೆಗೆ ನೀರು ಸೀಳಿಕೊಂಡು ಡಾಲ್ಫಿನ್‌ಗಳು ಮತ್ತೆ ಬಂದವು. ಬೆಳಗಿನದಕ್ಕಿಂತ ದೊಡ್ಡ ಹಿಂಡು. ದೋಣಿಯ ಜೊತೆ ಪಂದ್ಯ ಕಟ್ಟಿದ ಹಾಗೆ ಹಾರಿದವು, ಮುಳುಗಿದವು, ಹಾರಿದವು. ಗುಮಾಸ್ತನ ಕೈ ಎಳೆಯಿತು, ದಾರ ಬಿಡಲಿಲ್ಲ. ಹೊಟ್ಟೆ ತುಂಬಿದ, ಗಾಳಿ ತಲೆಗೇರಿದ, ಅರ್ಧ ಸಮುದ್ರ ಗೆದ್ದ ಕ್ಯಾಪ್ಟನ್ ಮಾತ್ರ ತಡೆಯಲಾರದೆ ಎದ್ದು ನಿಂತರು. "ಬನ್ರೋ! ಬನ್ರೋ!" ಎಂದು ಕೂಗಿ ಬಲಗೈ ಎತ್ತಿ ಜೋರಾಗಿ ಬೀಸಿದರು.

ಪುಳಕ್.

ಕ್ಯಾಪ್ಟನ್ ತಮ್ಮ ಖಾಲಿ ಕೈ ನೋಡಿಕೊಂಡರು. ಅಪಾಯಕ್ಕೆಂದು ದೋಣಿಯಲ್ಲಿ ಇನ್ನೊಂದು ಯಂತ್ರವೇನೋ ಇತ್ತು. ಆದರೆ ಅದಕ್ಕೆ 'ಕಾಪಾಡಿ' ಅನ್ನಲಿಕ್ಕಷ್ಟೇ ಬರುತ್ತಿತ್ತು, 'ನಾನಲ್ಲ' ಅನ್ನಲಿಕ್ಕೆ ಬರುತ್ತಿರಲಿಲ್ಲ.

ಗುಮಾಸ್ತ ಚುಕ್ಕಾಣಿಗೆ ಕಟ್ಟಿದ್ದ ತನ್ನ ಎರಡು ಕೈಗಳನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತುವನ್ನು ತಾನು ಕಳೆದಿರಲಿಲ್ಲ. ಮೂರು ಜನ ಸಾಕ್ಷಿಗಳಿದ್ದರು. ಮೂವರೂ ನಡು ಸಮುದ್ರದಲ್ಲಿದ್ದರು.

ಆಚೆಯ ದಡ ಮುಟ್ಟಿ ಮನೆಗೆ ಮಾತಾಡುವ ಹೊತ್ತಿಗೆ ಮಾವನವರು ಸುದ್ದಿಯನ್ನು ಬೀದಿಯ ಕೊನೆಯ ಮನೆಯವರೆಗೂ ಮುಟ್ಟಿಸಿ ಆಗಿತ್ತು: "ನಾನು ಬಾಯಿ ಮುಚ್ಚೋದ್ರೊಳಗೆ ಕಳೆದ್ಬಿಟ್ರು ಕಣಯ್ಯಾ, ನಮ್ಮ ಅಳಿಯಂದಿರು!"